ಸೂಜಿ, ಕಷಾಯ ಮತ್ತು ಲೆಕ್ಕ

ನಮ್ಮ ಸಿ. ಬೆಳಗಲ್ಲಿನ ಕಡೆ ವೈದ್ಯರ ಯೋಗ್ಯತೆಯನ್ನು ಸೂಜಿಯಿಂದ ಅಳೆಯುವ ವಾಡಿಕೆ ಉಂಟು. ನಾಲ್ಕು ಮಾತ್ರೆ ಕೊಟ್ಟು ಕಳಿಸಿದವರು ಏನೂ ನೋಡಲಿಲ್ಲವೆಂದೂ, ಸಲೈನ್ ಬಾಟಲಿ ಏರಿಸಿದವರ ಕೈಗುಣ ದೊಡ್ಡದೆಂದೂ ಕಟ್ಟೆಯ ಮೇಲೆ ತೀರ್ಮಾನವಾಗುತ್ತದೆ. ಸೂಜಿಯನ್ನು ಇಷ್ಟು ನಂಬುವ ಊರಿನಲ್ಲಿ 2021ರಲ್ಲಿ ಕೊರೋನಾ ಸೂಜಿ ಬಂದಾಗ ಎಷ್ಟೋ ಮಂದಿ ಬೆಳಗಿನ ಜಾವವೇ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ನಡೆದುಬಿಟ್ಟರು.

ಇದನ್ನು ಬರಿಯ ಅಜ್ಞಾನವೆಂದು ನಗುವವರನ್ನು ನಾವು ಒಪ್ಪುವುದಿಲ್ಲ. ಹೈದರಾಬಾದಿನ ಭಾರತ್ ಬಯೋಟೆಕ್ ತಯಾರಿಸಿದ ಕೋವ್ಯಾಕ್ಸಿನ್ ಲಸಿಕೆಗೆ 2021ರ ಜನವರಿ 3ರಂದು ಸರ್ಕಾರದ ಅನುಮತಿ ದೊರೆಯಿತು. ಆದರೆ ಮೂರನೆಯ ಹಂತದ ಪರೀಕ್ಷೆಯ ಫಲಿತಾಂಶ ಆಗ ಇನ್ನೂ ಬಂದಿರಲಿಲ್ಲ. ಮೊದಲ ವಾರಗಳಲ್ಲಿ ಆ ಲಸಿಕೆ ಪಡೆಯುವವರು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬೇಕಾಗಿತ್ತು. ಸಹಿ ಎಂದರೆ ನಮ್ಮ ಜನಕ್ಕೆ ಸಾಲದ ಪತ್ರವೇ ನೆನಪಿಗೆ ಬರುತ್ತದೆ! ಉತ್ತರಪತ್ರಿಕೆ ತಿದ್ದುವ ಮೊದಲೇ ಹುಡುಗನನ್ನು ಪಾಸು ಮಾಡಿದರೆ, ಆ ಹುಡುಗ ಎಷ್ಟೇ ಜಾಣನಾಗಿದ್ದರೂ ಜನ ಅನುಮಾನ ಪಡದೆ ಇರುತ್ತಾರೆಯೇ?

ಅದೇ ವರ್ಷದ ಮೇ ತಿಂಗಳಲ್ಲಿ ನಮ್ಮ ರಾಜ್ಯದ ನೆಲ್ಲೂರು ಜಿಲ್ಲೆಯ ಕೃಷ್ಣಪಟ್ಟಣದಲ್ಲಿ ನಡೆದುದು ಇದಕ್ಕೆ ತೀರ ವಿರುದ್ಧ. ಅಲ್ಲಿ ಆನಂದಯ್ಯ ಎಂಬ ನಾಟಿ ವೈದ್ಯರು ಜೇನು, ಮೆಣಸು, ಗಿಡಮೂಲಿಕೆಗಳ ಔಷಧವನ್ನು ಪುಕ್ಕಟೆಯಾಗಿ ಹಂಚುತ್ತಿದ್ದರು. ಆಸ್ಪತ್ರೆಗಳಲ್ಲಿ ಹಾಸಿಗೆಗೂ ಆಮ್ಲಜನಕಕ್ಕೂ ಪರದಾಡುತ್ತಿದ್ದ ಕಾಲ. ಸಾವಿರಾರು ಜನ, ಜ್ವರದವರೂ ಸೇರಿ, ಆ ಊರಿಗೆ ನುಗ್ಗಿದರು. ಯಾರೂ ಸಹಿ ಕೇಳಲಿಲ್ಲ, ಯಾರೂ ಪರೀಕ್ಷೆಯ ಫಲಿತಾಂಶವನ್ನೂ ಕೇಳಲಿಲ್ಲ. ಸರ್ಕಾರ ಹಂಚಿಕೆಯನ್ನು ನಿಲ್ಲಿಸಿ ಪರಿಶೀಲನೆ ಮಾಡಿಸಿತು. ಹಾನಿ ಕಾಣದು, ಆದರೆ ಕೊರೋನಾ ವಾಸಿಯಾಗುತ್ತದೆಂಬುದಕ್ಕೆ ಪುರಾವೆಯೂ ಇಲ್ಲ ಎಂದು ಹೊರಬಿತ್ತು. ಮೇ 31ರಂದು ಕಣ್ಣಿಗೆ ಬಿಡುವ ಹನಿಯೊಂದನ್ನು ಬಿಟ್ಟು ಉಳಿದುದಕ್ಕೆ ಅನುಮತಿ ಕೊಟ್ಟರು.

"ಕುಡಿದವರು ಗುಣವಾದರಲ್ಲ?" ಎಂದು ನಮ್ಮ ಓಣಿಯಲ್ಲಿ ಬಹಳ ದಿನ ವಾದ ನಡೆಯಿತು. ಗುಣವಾದುದು ನಿಜವೇ ಇರಬಹುದು. ಆದರೆ ಕೊರೋನಾ ಬಂದವರಲ್ಲಿ ಬಹುಪಾಲು ಜನ ಏನೂ ಕುಡಿಯದೆಯೂ ಗುಣವಾಗುತ್ತಿದ್ದರು. ಇದನ್ನು ನಮ್ಮ ರೈತರಿಗೆ ಯಾರೂ ಕಲಿಸಬೇಕಾಗಿಲ್ಲ. ಹೊಸ ಗೊಬ್ಬರ ಬಂದರೆ ಜಾಣ ರೈತ ಅದನ್ನು ನಾಲ್ಕು ಸಾಲು ಹತ್ತಿಗೆ ಹಾಕುತ್ತಾನೆ, ಪಕ್ಕದ ನಾಲ್ಕು ಸಾಲನ್ನು ಹಾಗೆಯೇ ಬಿಡುತ್ತಾನೆ. ಮಳೆ ಚೆನ್ನಾಗಿ ಬಿದ್ದ ವರ್ಷ ಎಲ್ಲ ಗೊಬ್ಬರವೂ ಒಳ್ಳೆಯ ಗೊಬ್ಬರವೇ. ಬಿಟ್ಟ ಸಾಲು ಇಲ್ಲದೆ ಹಾಕಿದ ಸಾಲಿನ ಗುಣ ತಿಳಿಯುವುದಾದರೂ ಹೇಗೆ?

ನಂಬಿಕೆಯನ್ನು ಗಳಿಸಲು ಹಿಂದಿನವರೂ ಪಾಡುಪಟ್ಟಿದ್ದಾರೆ. ಪ್ಲೇಗಿನ ಲಸಿಕೆಯನ್ನು ಕಂಡುಹಿಡಿದ ಹಾಫ್ಕಿನ್ ಎಂಬುವರು 1897ರ ಜನವರಿ 10ರಂದು ಮುಂಬಯಿಯಲ್ಲಿ ಅದನ್ನು ಮೊದಲು ತಮಗೇ ಚುಚ್ಚಿಸಿಕೊಂಡರು. ಮರುವರ್ಷ ಹುಬ್ಬಳ್ಳಿಯಲ್ಲಿ ಸಾವಿರಾರು ಜನ ಅದನ್ನು ಹಾಕಿಸಿಕೊಂಡರು. 1902ರಲ್ಲಿ ಪಂಜಾಬಿನ ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ ಒಂದೇ ಬಾಟಲಿಯ ಲಸಿಕೆ ಪಡೆದ 19 ಜನ ಧನುರ್ವಾಯುವಿನಿಂದ ಸತ್ತರು. ಬಾಟಲಿ ತೆರೆಯುವ ಚಿಮ್ಮಟ ನೆಲಕ್ಕೆ ಬಿದ್ದಿತ್ತು, ಅದನ್ನು ಸರಿಯಾಗಿ ಶುದ್ಧಿಮಾಡಿರಲಿಲ್ಲ. ಆದರೆ ಅಪವಾದ ಹಾಫ್ಕಿನ್ನರ ತಲೆಗೆ ಬಂತು. ಅದು ಕಳೆಯಲು 1907ರವರೆಗೆ ಕಾಯಬೇಕಾಯಿತು.

ಕೋವ್ಯಾಕ್ಸಿನ್ನಿನ "ಬಿಟ್ಟ ಸಾಲಿನ" ಲೆಕ್ಕ 2021ರ ನವೆಂಬರಿನಲ್ಲಿ ಲಂಡನ್ನಿನ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಪರೀಕ್ಷೆಗೆ ಒಳಗಾದವರು 25,000ಕ್ಕೂ ಮಿಕ್ಕ ಜನ. ಅರ್ಧದಷ್ಟು ಜನಕ್ಕೆ ಲಸಿಕೆ, ಉಳಿದವರಿಗೆ ಲಸಿಕೆ ಇಲ್ಲದ ಸೂಜಿ. ಯಾರಿಗೆ ಯಾವುದೆಂಬುದು ಚುಚ್ಚಿದವರಿಗೂ ಗೊತ್ತಿರಲಿಲ್ಲ, ಚುಚ್ಚಿಸಿಕೊಂಡವರಿಗೂ ಗೊತ್ತಿರಲಿಲ್ಲ. ಅನಂತರ ಕೊರೋನಾ ಲಕ್ಷಣ ಕಂಡವರು 130. ಅದರಲ್ಲಿ ಲಸಿಕೆ ಪಡೆದವರು 24, ಪಡೆಯದವರು 106. ನೂರಕ್ಕೆ ಸುಮಾರು 78ರಷ್ಟು ರಕ್ಷಣೆ ಎಂದು ಹೇಳಿದ್ದು ಹೀಗೆ. ಶೇಕಡಾವಾರು ಲೆಕ್ಕ ಕಲಿತ ವಿದ್ಯಾರ್ಥಿಗಳು ತಾವೇ ಮಾಡಿ ನೋಡಬಹುದು. ತುಸು ಹೆಚ್ಚುಕಡಿಮೆ ಅಷ್ಟೇ ಬರುತ್ತದೆ.

ಈ ಲೆಕ್ಕವನ್ನು ನಾವು ನಮ್ಮ ಓಣಿಯ ಹಿರಿಯರೊಬ್ಬರಿಗೆ ಬಿಡಿಸಿ ಹೇಳಿದೆವು. "ಆ 24 ಮಂದಿಯ ಗತಿ ಏನಾಯಿತು?" ಎಂದು ಕೇಳಿದರು. ತೀವ್ರವಾಗಿ ನರಳಿದವರು ಎರಡೂ ಕಡೆ ಸೇರಿ 16, ಅವರಲ್ಲಿ ಲಸಿಕೆ ಪಡೆದವರು ಒಬ್ಬರೇ ಎಂದೆವು. ಅವರು ಬೆರಳೆಣಿಸುತ್ತ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಇದು ಸರಿಯಾದ ಮಾತು. ಆದರೆ ಜನವರಿಯಲ್ಲಿ ನಮ್ಮನ್ನು ಕರೆದಾಗ ಈ ಲೆಕ್ಕ ಇತ್ತೇ?" ಎಂದರು.

ಇರಲಿಲ್ಲ ಎಂದೆವು.