ಎರವಲು ಪಡೆದ ಸವಾರಿ

ಬಿಳಿಯ ಜುಬ್ಬಾ, ಕಿಸೆಯಲ್ಲಿ ಮಡಚಿಟ್ಟ ಟೋಪಿ, ತಲೆಗೆ ಬಿಗಿದ ಹೆಲ್ಮೆಟ್ಟು, ಕೆಳಗೆ ನೀಲಿ ಬಣ್ಣದ ಯಮಹಾ ಆರ್15. ಸೈದಾಪುರದ ರೈಲು ನಿಲ್ದಾಣದ ರಸ್ತೆಯಲ್ಲಿ ನಾವು ಈ ವೇಷದಲ್ಲಿ ಹಾದುಹೋಗುವಾಗ ಚಹಾದಂಗಡಿಯ ಮುಂದೆ ಕುಳಿತವರು ನಗೆಯನ್ನು ನುಂಗಿಕೊಳ್ಳುವುದನ್ನು ನಾವು ಬಲ್ಲೆವು. ನಲವತ್ತು ದಾಟಿದ ಮದರಸಾ ಶಿಕ್ಷಕನಿಗೆ, ಬೆನ್ನು ಬಾಗಿಸಿ ಓಡಿಸಬೇಕಾದ ಹುಡುಗರ ಗಾಡಿ ಏಕೆ? ಮಸೀದಿಯ ಹಿರಿಯರೊಬ್ಬರು ಇದನ್ನು ನೇರವಾಗಿಯೇ ಕೇಳಿದರು. "ಮೌಲಾನಾ, ನಿಮ್ಮ ವಯಸ್ಸಿಗೆ ಇದು ಒಪ್ಪುತ್ತದೆಯೇ?" ಒಪ್ಪುವುದಿಲ್ಲವೆಂದೇ ಉತ್ತರಿಸಿದೆವು. ಗಾಡಿ ನಮ್ಮದಲ್ಲ, ನಮ್ಮ ತಮ್ಮನದು.

ತಮ್ಮನು ಯಾದಗಿರಿಯ ಮೊಬೈಲ್ ಅಂಗಡಿಯೊಂದರಲ್ಲಿ ದುಡಿದು, ಕಂತು ಕಟ್ಟಿ, ಅದನ್ನು ಕೊಂಡಿದ್ದನು. ಕಂತು ತೀರಿದ ಕೆಲವೇ ತಿಂಗಳಲ್ಲಿ ದಮ್ಮಾಮಿನ ವೀಸಾ ಬಂದಿತು. ಹೊರಡುವ ರಾತ್ರಿ ಬೀಗದ ಕೈಯನ್ನು ನಮ್ಮ ಅಂಗೈಯಲ್ಲಿಟ್ಟು, "ಭಾಯ್, ನಿಲ್ಲಿಸಿಟ್ಟರೆ ಹಾಳಾಗುತ್ತದೆ. ನೀವೇ ಓಡಿಸುತ್ತಿರಿ" ಎಂದನು. ಅವನು ಹೇಳಿದ್ದು ನಿಜ. ತಿಂಗಳುಗಟ್ಟಲೆ ನಿಂತ ಗಾಡಿಯ ಬ್ಯಾಟರಿ ಸಾಯುತ್ತದೆ, ಟ್ಯಾಂಕಿನ ಪೆಟ್ರೋಲು ಹಳಸುತ್ತದೆ, ಒಂದೇ ಕಡೆ ಭಾರ ಹೊತ್ತ ಟೈರು ಅಲ್ಲಿಯೇ ಚಪ್ಪಟೆಯಾಗುತ್ತದೆ.

2008ರಲ್ಲಿ ಈ ಗಾಡಿ ಭಾರತದ ಮಾರುಕಟ್ಟೆಗೆ ಬಂದಾಗ 150 ಸಿಸಿಯ ಎಂಜಿನಿಗೆ ರೇಡಿಯೇಟರು, ಆರು ಗೇರು, ಪಂದ್ಯದ ಗಾಡಿಯಂತಹ ಮೈಕಟ್ಟು ಎಂಬುದು ನಮ್ಮ ಕಡೆಯ ಹುಡುಗರಿಗೆ ಹೊಸ ಸುದ್ದಿಯಾಗಿತ್ತು. ತಮ್ಮನದು 2011ರಲ್ಲಿ ಬಂದ ಎರಡನೆಯ ಆವೃತ್ತಿ. ಹಿಂದಿನ ಸೀಟು ಎತ್ತರಕ್ಕೆ ಏರಿ ಬೇರೆಯಾಗಿಯೇ ನಿಂತಿದೆ. ಅದರ ಮೇಲೆ ನಮ್ಮ ಮನೆಯವರು ಒಂದೇ ಒಂದು ಸಲ ಕುಳಿತು, ಇನ್ನು ಮುಂದೆ ಬಸ್ಸೇ ಸಾಕೆಂದರು. ಹ್ಯಾಂಡಲು ಕೆಳಗಿರುವುದರಿಂದ ಮೈಯ ಭಾರವೆಲ್ಲ ಮಣಿಕಟ್ಟಿನ ಮೇಲೆ ಬೀಳುತ್ತದೆ. ಯಾದಗಿರಿಗೆ ಹೋಗಿಬಂದ ದಿನ ಕರಿಹಲಗೆಯ ಮೇಲೆ ಅಲಿಫ್ ಬರೆಯುವಾಗ ನಮ್ಮ ಕೈ ನಡುಗುತ್ತಿತ್ತು. ಪೈಜಾಮ ಹರಡಿನಿಂದ ಮೇಲಿರಬೇಕೆಂಬ ನಮ್ಮ ರೂಢಿ ಚೈನಿನ ವಿಷಯದಲ್ಲಿ ಬಹಳ ಉಪಕಾರ ಮಾಡಿದೆ, ಅದನ್ನೂ ಹೇಳಬೇಕು.

ಈ ಗಾಡಿ ನಮ್ಮನ್ನು ಮರುಳು ಮಾಡಲಿಲ್ಲವೆಂದರೆ ಸುಳ್ಳಾದೀತು. ಅದರ ಎಂಜಿನು ತನ್ನ ಪೂರ್ಣ ಶಕ್ತಿಯನ್ನು ತೋರುವುದು ನಿಮಿಷಕ್ಕೆ 8500 ಸುತ್ತು ತಿರುಗುವಾಗ. ಅಂದರೆ ಮೆಲ್ಲಗೆ ಓಡಿಸುವವನಿಗೆ ಅದು ಸಾಧು. ಕಿವಿ ಹಿಂಡಿದವನಿಗೆ ದನಿ ಬದಲಿಸಿ, "ಇನ್ನಷ್ಟು" ಎಂದು ಕರೆಯುತ್ತದೆ. ಫಜ್ರ್ ನಮಾಝಿನ ನಂತರದ ಬರಿದಾದ ರಸ್ತೆಯಲ್ಲಿ, ಎರಡೂ ಕಡೆ ಹತ್ತಿಯ ಹೊಲಗಳು ಹಿಂದೆ ಸರಿಯುತ್ತಿರುವಾಗ, ಆ ಕರೆಗೆ ನಾವು ಓಗೊಟ್ಟದ್ದುಂಟು. ಹಾಗಾಗಿ ಹುಡುಗರನ್ನು ಕುರಿತು ಬರೆಯುವಾಗ ನಮ್ಮನ್ನು ಹೊರಗಿಟ್ಟು ಬರೆಯಲಾರೆವು.

ಶುಕ್ರವಾರ ಮದರಸಾಕ್ಕೆ ರಜೆ. ಜುಮಾದ ಸ್ನಾನಕ್ಕೆ ಮೊದಲಿನ ಎರಡು ಗಂಟೆ ಈ ಗಾಡಿಗೆ ಮೀಸಲು. ಕೈಮೇಲೆ ಗ್ರೀಸಿನ ಪದರವಿದ್ದರೆ ವುಝೂವಿನ ನೀರು ಚರ್ಮವನ್ನು ಮುಟ್ಟದು. ಆದ್ದರಿಂದ ಸ್ನಾನಕ್ಕೆ ಮೊದಲೇ ಈ ಕೆಲಸ ಮುಗಿಯಬೇಕು. ನಮ್ಮ ಸೀಮೆಯದು ಎರೆ ಮಣ್ಣು. ಬೇಸಿಗೆಯಲ್ಲಿ ಅದು ಧೂಳಾಗಿ ಚೈನಿನ ಎಣ್ಣೆಯೊಡನೆ ಬೆರೆತು ಕಪ್ಪು ಮುಲಾಮಾಗುತ್ತದೆ. ಆ ಮುಲಾಮು ಚೈನನ್ನೂ ಅದರ ಹಲ್ಲುಚಕ್ರವನ್ನೂ ಅರದಂತೆ ತಿನ್ನುತ್ತದೆ. ಮಳೆಗಾಲದಲ್ಲಿ ಅದೇ ಮಣ್ಣು ಮುಂದಿನ ಮಡ್‌ಗಾರ್ಡಿಗೂ ಟೈರಿಗೂ ನಡುವೆ ಮೆತ್ತಿಕೊಂಡು ಗಾಲಿಯನ್ನೇ ಕಟ್ಟಿಹಾಕುತ್ತದೆ. ರಸ್ತೆಯ ಬದಿಯಲ್ಲಿ ನಿಂತು ಜಾಲಿಯ ಕಡ್ಡಿಯಿಂದ ಕೆರೆದು ತೆಗೆದಿದ್ದೇವೆ. ಸೀಮೆಎಣ್ಣೆಯಲ್ಲಿ ಅದ್ದಿದ ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಚೈನನ್ನು ತಿಕ್ಕಿ, ಒರೆಸಿ, ಒಣಗಿದ ಮೇಲೆ 90 ನಂಬರಿನ ಗೇರ್ ಆಯಿಲನ್ನು ಕೊಂಡಿಕೊಂಡಿಗೂ ಹನಿಸಬೇಕು. ಬಳಿಕ ಏರ್ ಫಿಲ್ಟರಿನ ಧೂಳು ನೋಡಬೇಕು. ಕೂಲಂಟನ್ನು ಎಂಜಿನು ತಣ್ಣಗಿರುವಾಗಲೇ ನೋಡಬೇಕು. ಬಿಸಿ ರೇಡಿಯೇಟರಿನ ಮುಚ್ಚಳ ತೆರೆದವನು ಮುಖ ಸುಟ್ಟುಕೊಳ್ಳುತ್ತಾನೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ಬಿಸಿಲು 40 ಡಿಗ್ರಿ ದಾಟುವ ನಮ್ಮಂತಹ ಊರಿನಲ್ಲಿ ಈ ನೀರಿನ ಮಟ್ಟವನ್ನು ಮರೆಯುವಂತಿಲ್ಲ. ಕೊನೆಗೆ ಬ್ರೇಕ್ ಪ್ಯಾಡು.

ಆ ಕೊನೆಯದನ್ನೇ ನಾವು ಮುಂದೂಡಿದೆವು.

ಅದು ರಂಝಾನಿನ ತಿಂಗಳು. ಮುಂದಿನ ಬ್ರೇಕು ಒತ್ತಿದಾಗ ಎರಡು ವಾರಗಳಿಂದ ಕೀರಲು ದನಿ ಬರುತ್ತಿತ್ತು. ಮೆಕ್ಯಾನಿಕ್ಕನು ಬಗ್ಗಿ ನೋಡಿ ಹೇಳಿದ್ದನು: "ಮಾಸ್ತರ್ರ, ಪ್ಯಾಡ್ ಮುಗದಾವ್ರಿ. ಇನ್ನ ನಾಕ ದಿನಕ್ಕ ಕಬ್ಬಿಣಕ್ಕ ಕಬ್ಬಿಣ ತಿಕ್ಕತದ ನೋಡ್ರಿ." ಈದಿನ ಖರ್ಚು ಎದುರಿಗಿತ್ತು. ಈದ್ ಕಳೆಯಲಿ ಎಂದೆವು. ಒಂದು ಸಂಜೆ ಇಫ್ತಾರಿಗೆ ಅರ್ಧ ಗಂಟೆ ಉಳಿದಿರುವಾಗ ಮನೆಯಲ್ಲಿ ಖರ್ಜೂರ ಮುಗಿದಿದೆಯೆಂದು ತಿಳಿಯಿತು. ತಂಗಿಯ ಮಗ, ಹದಿನೇಳು ವರ್ಷದವನು, "ಮಾಮು, ನಾನು ತರುತ್ತೇನೆ" ಎಂದನು. ಅವನು ಎಷ್ಟು ದಿನಗಳಿಂದ ಆ ಗಾಡಿಯ ಸುತ್ತ ಸುಳಿಯುತ್ತಿದ್ದನೆಂದು ನಮಗೆ ಗೊತ್ತಿತ್ತು. ಉಪವಾಸದ ಆಯಾಸವೆಂದು ನೆಪ ಹೇಳಬಹುದು, ಆದರೆ ನೆಪ ಬೇಡ. ಬೀಗದ ಕೈಯನ್ನು ನಾವೇ ಕೊಟ್ಟೆವು. ಹೆಲ್ಮೆಟ್ಟು ಮೊಳೆಗೆ ತೂಗುಹಾಕಿದಲ್ಲಿಯೇ ಇತ್ತು.

ಮುಂದೆ ಹೋಗುತ್ತಿದ್ದ ಟ್ರ್ಯಾಕ್ಟರಿನ ಟ್ರಾಲಿಗೆ ಹಿಂದೀಪವಿರಲಿಲ್ಲ. ಹುಡುಗನು ಕಂಡಾಗ ಒತ್ತಿದನು, ಹಿಡಿಯಬೇಕಾದದ್ದು ಹಿಡಿಯಲಿಲ್ಲ. ಪಕ್ಕಕ್ಕೆ ಎಳೆದು ಉರುಳಿದನು. ನಾವು ಓಡಿಹೋದಾಗ ಮಗ್ರಿಬಿನ ಅಝಾನ್ ಆಗುತ್ತಿತ್ತು. ಅವನು ರಸ್ತೆಯ ಅಂಚಿನಲ್ಲಿ ಕುಳಿತು, ಒಂದು ಕೈಯಲ್ಲಿ ಮತ್ತೊಂದು ಭುಜವನ್ನು ಹಿಡಿದುಕೊಂಡಿದ್ದನು. ಸುತ್ತಲೂ ಖರ್ಜೂರ ಚೆಲ್ಲಿದ್ದವು. ಯಾರೋ ಒಂದನ್ನು ಆರಿಸಿ ಅವನ ಬಾಯಿಗಿಟ್ಟರು. ರಾಯಚೂರಿನ ಆಸ್ಪತ್ರೆಯಲ್ಲಿ ಕೊರಳ ಬಳಿಯ ಎಲುಬು ಮುರಿದಿದೆಯೆಂದರು. ತಲೆಗೆ ಏನೂ ಆಗಿರಲಿಲ್ಲ. ಅಲ್‌ಹಮ್ದುಲಿಲ್ಲಾಹ್. ಅದರಲ್ಲಿ ನಮ್ಮ ಎಚ್ಚರಿಕೆಯ ಪಾಲು ಎಳ್ಳಷ್ಟೂ ಇರಲಿಲ್ಲ.

ಆ ರಾತ್ರಿ ಆಸ್ಪತ್ರೆಯ ಬೆಂಚಿನ ಮೇಲೆ ನಮಗೆ ನೆನಪಾದದ್ದು ವಿದ್ಯಾರ್ಥಿ ದೆಸೆಯ ಫಿಕ್ಹ್ ತರಗತಿ. ಬಳಸಿ ಹಿಂದಿರುಗಿಸಲೆಂದು ಪಡೆದ ವಸ್ತುವಿಗೆ ಆರಿಯತ್ ಎನ್ನುತ್ತಾರೆ. ಶಾಫಿಈ ವಿದ್ವಾಂಸರ ಪ್ರಕಾರ, ಸಹಜ ಬಳಕೆಯ ಸವೆತದ ಹೊರತು, ಅದು ಹಾಳಾದರೆ ಪಡೆದವನೇ ತೆರಬೇಕು. ನಮ್ಮ ಹನಫಿಗಳಲ್ಲಿ ಅದು ಪಡೆದವನ ಕೈಯಲ್ಲಿ ಅಮಾನತ್. ಅವನು ಮಿತಿ ಮೀರದಿದ್ದರೆ ಹೊಣೆಯಿಲ್ಲ. ಮಿತಿ ಎಂದರೇನು? ಅಲ್ಲಿಯೇ ಒಂದು ಸೂಕ್ಷ್ಮವಿದೆ. ವಾಸಕ್ಕೆಂದು ಪಡೆದ ಮನೆಯಲ್ಲಿ ಯಾರು ವಾಸಿಸಿದರೂ ಒಂದೇ. ಆದರೆ ಸವಾರಿಯ ಪ್ರಾಣಿಯ ಮೇಲೆ ಸವಾರನು ಬದಲಾದರೆ ಬಳಕೆಯೇ ಬದಲಾಗುತ್ತದೆ. ಆದ್ದರಿಂದ ತಾನೇ ಏರಲೆಂದು ಪಡೆದವನು ಮತ್ತೊಬ್ಬನನ್ನು ಏರಿಸುವಂತಿಲ್ಲ. ಏರಿಸಿ ಕೆಡುಕಾದರೆ ತೆರಬೇಕು. ಕುದುರೆ, ಕತ್ತೆಗಳ ಈ ಪಾಠವನ್ನು ಓದುವಾಗ ನಾವು ಹುಡುಗರು ನಕ್ಕಿದ್ದೆವು. ಈಗಿನ ಕಾಲದಲ್ಲಿ ಕತ್ತೆಯನ್ನು ಎರವಲು ಪಡೆಯುವವರು ಯಾರೆಂದು. ತಮ್ಮನು ಹೇಳಿದ್ದು "ನೀವೇ ಓಡಿಸುತ್ತಿರಿ" ಎಂದಲ್ಲವೇ?

ದೇಶದ ಕಾನೂನು ಇನ್ನೂ ನೇರವಾಗಿದೆ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿಸಿದ 199ಎ ಕಲಮಿನಂತೆ, ಅಪ್ರಾಪ್ತನು ಗಾಡಿ ಓಡಿಸಿ ಅಪರಾಧವೆಸಗಿದರೆ ಪೋಷಕನು ಅಥವಾ ಮಾಲೀಕನು ತಪ್ಪಿತಸ್ಥ. 3 ವರ್ಷದವರೆಗೆ ಸೆರೆವಾಸ, 25,000 ರೂಪಾಯಿ ದಂಡ, 12 ತಿಂಗಳು ನೋಂದಣಿ ರದ್ದು. ನೋಂದಣಿ ಪುಸ್ತಕದಲ್ಲಿರುವುದು ತಮ್ಮನ ಹೆಸರು. ನಾವು ಮಾಡಿದ ತಪ್ಪಿಗೆ ದಮ್ಮಾಮಿನಲ್ಲಿ ದುಡಿಯುತ್ತಿದ್ದವನು ಉತ್ತರ ಹೇಳಬೇಕಾಗುತ್ತಿತ್ತು. ಬೇರೆ ಯಾರಿಗೂ ಪೆಟ್ಟಾಗದ್ದರಿಂದ ಸಂಗತಿ ಪೊಲೀಸರವರೆಗೆ ಹೋಗಲಿಲ್ಲ. ಹೋಗದೆ ಉಳಿದದ್ದನ್ನು ನಾವು ನಿರಪರಾಧವೆಂದು ಎಣಿಸಿಲ್ಲ.

ಫೋನಿನಲ್ಲಿ ಎಲ್ಲವನ್ನೂ ಹೇಳಿದೆವು, ಪ್ಯಾಡಿನ ವಿಷಯವನ್ನೂ ಸೇರಿಸಿ. ತಮ್ಮನು ಬಹಳ ಹೊತ್ತು ಸುಮ್ಮನಿದ್ದು, "ಭಾಯ್, ಗಾಡಿ ಹೋಗಲಿ. ಮಗು ಉಳಿದಿದೆಯಲ್ಲ. ನಾನು ಮಾಫ್ ಮಾಡಿದ್ದೇನೆ" ಎಂದನು. ಮಾಲೀಕನು ಬಿಟ್ಟುಕೊಟ್ಟರೆ ಸಾಲ ತೀರಿತು, ಶರೀಅತ್ತಿನಲ್ಲಿ ಅಷ್ಟೇ. ಆದರೂ ಒಡೆದ ಫೇರಿಂಗು, ಜಜ್ಜಿದ ರೇಡಿಯೇಟರು, ಬಾಗಿದ ಹ್ಯಾಂಡಲು, ಎರಡೂ ಗಾಲಿಗಳ ಪ್ಯಾಡು, ಎಲ್ಲವನ್ನೂ ಹೊಸದಾಗಿ ಹಾಕಿಸಿದೆವು. ನಮ್ಮ ಎರಡು ತಿಂಗಳ ಸಂಬಳಕ್ಕಿಂತ ಹೆಚ್ಚಾಯಿತು. ಮೆಕ್ಯಾನಿಕ್ಕನು ನಾಲ್ಕು ಕಂತಿಗೆ ಒಪ್ಪಿದನು. ನಾಲ್ಕು ದಿನದ ಮಾತನ್ನು ಅವನು ಮತ್ತೆ ಎತ್ತಲಿಲ್ಲ, ಅವನ ದೊಡ್ಡತನ.

ತಮ್ಮನು ತನ್ನದನ್ನು ಬಿಟ್ಟುಕೊಟ್ಟನು. ತಂಗಿಯದನ್ನು ಬಿಟ್ಟುಕೊಡುವವರು ಯಾರು? ಅವಳು ಒಂದು ಮಾತೂ ಆಡಲಿಲ್ಲ. ಮಗನ ತೋಳಿಗೆ ಕಟ್ಟಿದ ಬಟ್ಟೆಯನ್ನು ಸರಿಪಡಿಸುತ್ತ, "ಭಾಯ್, ಅವನು ಕೇಳುತ್ತಾನೆ, ಹುಡುಗ. ನೀವು ಕೊಡಬಾರದಿತ್ತು" ಎಂದು ಒಮ್ಮೆ ಮಾತ್ರ ಎಂದಳು; ಅದು ಒಂದು ಮಾತಲ್ಲ ಎಂದು ಹೇಗೆ ಹೇಳುವುದು! ತರಗತಿಯಲ್ಲಿ ಮಕ್ಕಳಿಗೆ ನಾವು ಸವಾರಿಯ ದುಆ ಕಲಿಸುತ್ತೇವೆ. ವಾಹನ ನಮಗೆ ವಶವಾದದ್ದು ನಮ್ಮ ಬಲದಿಂದಲ್ಲವೆಂಬ ಒಪ್ಪಿಗೆಯಿಂದ ಆರಂಭವಾಗಿ, ಪ್ರಭುವಿನೆಡೆಗೆ ಮರಳುವ ನೆನಪಿನೊಂದಿಗೆ ಅದು ಮುಗಿಯುತ್ತದೆ. ಆ ಸಂಜೆ ಹುಡುಗನು ಅದನ್ನು ಓದಿಯೇ ಹೊರಟಿದ್ದನಂತೆ. ಕಲಿಸಿದ್ದು ನಾವೇ.

ಈಗ ಅವನಿಗೆ ಹದಿನೆಂಟು ತುಂಬಿದೆ, ಲೈಸೆನ್ಸೂ ಬಂದಿದೆ. ತಮ್ಮನು ಫೋನಿನಲ್ಲಿ ತಾನಾಗಿಯೇ, "ಅವನೂ ಓಡಿಸಲಿ" ಎಂದು ಅನುಮತಿ ಕೊಟ್ಟಿದ್ದಾನೆ. ಕಳೆದ ಶುಕ್ರವಾರ ಹುಡುಗನು ಬೆಳಿಗ್ಗೆಯೇ ಬಂದು, ಕೇಳದೆಯೇ ಸೀಮೆಎಣ್ಣೆಯ ಡಬ್ಬಿಯನ್ನು ತೆಗೆದು, ಚೈನು ತಿಕ್ಕಲು ಕುಳಿತನು. ಮುರಿದ ಕಡೆಯ ಎಲುಬು ಕೂಡಿದೆಯಾದರೂ ಅಂಗಿಯ ಕೊರಳಿನ ಬಳಿ ಒಂದು ಗಂಟು ಕಾಣುತ್ತದೆ. ಬಳಿಕ ಮೊಬೈಲಿನ ಬೆಳಕನ್ನು ಮುಂದಿನ ಡಿಸ್ಕಿನ ಹತ್ತಿರ ಹಿಡಿದು, "ಮಾಮು, ಇದು ಎಷ್ಟು ಉಳಿದಿದೆ, ನೀವೂ ನೋಡಿ" ಎಂದನು. ತಂಗಿ ಬಾಗಿಲಲ್ಲಿ ನಿಂತಿದ್ದಳು. ಕನ್ನಡಕ ಸರಿಪಡಿಸಿಕೊಂಡು ನಾವು ಅವನ ಪಕ್ಕದಲ್ಲಿ ಮೊಣಕಾಲೂರಿ ನೋಡಿದೆವು.