ಕೇರಿಯ ಕಂಪ್ಯೂಟರಿಗೆ ಕಾರ್ಡು ಹಾಕಿದ್ದು

ನಮ್ಮ ಕೇರಿಯ ಅಂಬೇಡ್ಕರ್ ಭವನದಲ್ಲಿ ಒಂದು ಕಂಪ್ಯೂಟರಿದೆ. ಬೆಂಗಳೂರಿನ ಯಾವುದೋ ಆಫೀಸಿನವರು ಬಳಸಿ, ಸಾಕಾಗಿ, ಹರಾಜು ಹಾಕಿದ್ದು. ಡೆಲ್ ಕಂಪನಿಯ ಆಪ್ಟಿಪ್ಲೆಕ್ಸ್ 7010, 2012ರ ಕಾಲದ ಮಾಲು. ನಮ್ಮ ಮಕ್ಕಳು ಟೈಪಿಂಗ್ ಕಲಿತದ್ದು ಅದರಲ್ಲೇ. ಸ್ಕಾಲರ್‌ಶಿಪ್ಪಿನ ಅರ್ಜಿ ಹಾಕಿದ್ದು, ಏಪ್ರಿಲ್ 14ರ ಕರಪತ್ರ ಮಾಡಿದ್ದು ಎಲ್ಲ ಅದರಲ್ಲೇ. ಅಷ್ಟಕ್ಕೆ ಅದು ಸಾಕಾಗಿತ್ತು.

ಸಾಕಾಗದೆ ಹೋದದ್ದು ದೊಡ್ಡವ್ವನ ವಿಷಯದಲ್ಲಿ.

ಮೂರು ವರ್ಷದಿಂದ ನಾವು ಕೆಲವರು ಕೇರಿಯ ಹಿರೀಕರನ್ನು ಕೂರಿಸಿಕೊಂಡು ಅವರ ಮಾತನ್ನು ಮೊಬೈಲಿನಲ್ಲಿ ಹಿಡಿಯುತ್ತಿದ್ದೆವು. ಜೀತದ ಕತೆ, ಬಾವಿಯ ಕತೆ, ಸಂತೆ ದಾರಿಯ ಹೋಟ್ಲಿನ ಹೊರಗೆ ನಮಗೆಂದೇ ಇಟ್ಟಿದ್ದ ಲೋಟದ ಕತೆ. ದೊಡ್ಡವ್ವ ಒಬ್ಬಳೇ ಎರಡು ಗಂಟೆ ಮಾತಾಡಿದ್ದಳು. ಹೋದ ಸುಗ್ಗಿಯಲ್ಲಿ ತೀರಿಕೊಂಡಳು. ತಿಥಿ ದಿನ ಅವಳ ಮಾತು ಕೇರಿಗೆ ಕಾಣಿಸೋಣ ಅಂತ ಕಂಪ್ಯೂಟರಿಗೆ ಹಾಕಿದೆವು. ಮುಖ ಚೌಕ ಚೌಕವಾಗಿ ಒಡೆದುಹೋಯಿತು. ದನಿ ಮುಂದಕ್ಕೆ ಹೋಯ್ತು, ಬಾಯಿ ಹಿಂದೆ ಉಳೀತು. 'ದೊಡ್ಡವ್ವ ತೊದಲ್ತಾವ್ಳೆ' ಅಂದಿತು ಒಂದು ಮಗು. ಬದುಕಿದ್ದಾಗ ಗೌಡರ ಜಗಲಿ ಮುಂದೆ ನಿಂತೂ ತೊದಲದವಳು ಅವಳು. ಜನ ಎದ್ದು ಹೋದರು.

ಕಾರಣ ಆಮೇಲೆ ತಿಳಿಯಿತು. ಈಗಿನ ಮೊಬೈಲುಗಳು ಚಿತ್ರವನ್ನು ಎಚ್‌ಇವಿಸಿ ಅನ್ನುವ ರೀತಿಯಲ್ಲಿ ಬಿಗಿಯಾಗಿ ಮಡಿಚಿ ಇಡುತ್ತವೆ. ಮಡಿಚಿದ್ದನ್ನು ಅಷ್ಟೇ ವೇಗವಾಗಿ ಬಿಚ್ಚಲು ನಮ್ಮ ಹಳೇ ಪೆಟ್ಟಿಗೆಗೆ ಬರದು. ಅದು ಹುಟ್ಟಿದಾಗ ಆ ವಿದ್ಯೆಯೇ ಬಳಕೆಗೆ ಬಂದಿರಲಿಲ್ಲ. ಬಿಚ್ಚುವುದಕ್ಕೆ ಬೇರೆ ಗ್ರಾಫಿಕ್ಸ್ ಕಾರ್ಡು ಬೇಕು.

ಮಂಡ್ಯದ ಒಂದು ಅಂಗಡಿಗೆ ಹೋದೆವು. 'ಇದುಕ್ಕೆ ದುಡ್ ಹಾಕೋದು ದಂಡ ಸಾರ್, ವಿಂಡೋಸ್ 11 ಹತ್ತಲ್ಲ, ಬಿಸಾಕಿ ಹೊಸದು ತಗೊಳಿ' ಅಂದರು. ಹಟ ಹಿಡಿದಾಗ ಜಿಟಿ 710 ಅನ್ನುವ ಅಗ್ಗದ ಕಾರ್ಡು ತೆಗೆದಿಟ್ಟರು. ನಾನು ಓದಿಕೊಂಡು ಹೋಗಿದ್ದೆ. ಆ ಕಾರ್ಡಿಗೂ ಎಚ್‌ಇವಿಸಿ ಬಿಚ್ಚಲು ಬರದು. ಆದರೂ ಹೆಂಗಿದೆ ನೋಡೋಣ ಅಂತ ಕೈ ನೀಡಿದೆ.

'ಮುಟ್ಬೇಡಿ!'

ಆ ಒಂದು ಮಾತಿಗೆ ಕೈ ತಾನಾಗಿ ಹಿಂದಕ್ಕೆ ಬರುವ ಮಂದಿ ನಾವು. ಐವತ್ತು ದಾಟಿದ ಮೇಲೂ ಬಂತು. ಹುಡುಗ ಮೆತ್ತಗೆ ವಿವರಿಸಿದ. ಮೈಮೇಲೆ ಸ್ಥಿರ ವಿದ್ಯುತ್ತು ಕೂತಿರುತ್ತದೆ, ನಮಗೆ ಗೊತ್ತೂ ಆಗುವುದಿಲ್ಲ, ಚಿಪ್ಪು ಸುಟ್ಟುಹೋಗಬಹುದು ಅಂತ. ಸುಳ್ಳಲ್ಲ, ವಿಜ್ಞಾನವೇ. ಆದರೆ ಆಮೇಲೆ ಬಂದ ಇನ್ನೊಬ್ಬ ಗಿರಾಕಿ ಅದೇ ಕಾರ್ಡನ್ನು ಎತ್ತಿ ತಿರುವಿ ನೋಡಿದ. ಅವನಿಗೆ ಯಾರೂ ಏನೂ ಅನ್ನಲಿಲ್ಲ. ಬಿಲ್ಲು ಅಂಬೇಡ್ಕರ್ ಭವನದ ಹೆಸರಿಗೆ ಬೇಕು ಅಂತ ನಾವು ಮೊದಲೇ ಹೇಳಿದ್ದೆವು. ಇದಕ್ಕೂ ಅದಕ್ಕೂ ಸಂಬಂಧ ಇತ್ತೋ ಇಲ್ಲವೋ, ಆಣೆ ಮಾಡಿ ಹೇಳಲಾರೆ. ಬಸ್ಸಿನಲ್ಲಿ ಮಳವಳ್ಳಿವರೆಗೂ ಅದೇ ಯೋಚನೆ.

ಮುಂದಿನ ಭಾನುವಾರ ಮದ್ದೂರಿಗೆ ಹೋಗಿ ರೈಲು ಹತ್ತಿ ಬೆಂಗಳೂರಿನ ಎಸ್.ಪಿ. ರೋಡಿಗೆ ಹೋದೆ. ಒಂದು ಕಾಲಕ್ಕೆ ಕಾರ್ಡುಗಳ ಬೆಲೆ ಆಕಾಶಕ್ಕೇರಿತ್ತು. ಈಥೀರಿಯಮ್ ಅನ್ನುವ ಕಾಣದ ನಾಣ್ಯ ಅಗೆಯುವವರು ಅವನ್ನು ರಾಶಿಗಟ್ಟಲೆ ಕೊಂಡು ಹಗಲೂ ರಾತ್ರಿ ದುಡಿಸಿದರು. 2022ರ ಸೆಪ್ಟೆಂಬರಿನಲ್ಲಿ ಆ ನಾಣ್ಯದ ಕ್ರಮವೇ ಬದಲಾಗಿ, ದುಡಿದು ಸವೆದ ಕಾರ್ಡುಗಳೆಲ್ಲ ಹಳೇ ಮಾಲಿನ ಬಜಾರಿಗೆ ಬಂದು ಬಿದ್ದವು. ಅದಕ್ಕೇ ಫ್ಯಾನು ಓಡಿಸಿ, ಚಿತ್ರ ಆಡಿಸಿ ನೋಡಿಯೇ ದುಡ್ಡು ಕೊಟ್ಟೆ. ಜಿಟಿಎಕ್ಸ್ 1050 ಟಿಐ, 4 ಜಿಬಿ. ಕಬ್ಬು ಕಡಿಯುವವರು, ಗಾರೆ ಕೆಲಸದವರು ಹತ್ತು ಇಪ್ಪತ್ತು ಅಂತ ಹಾಕಿದ ಹಣ.

ಅದನ್ನೇ ಆರಿಸಿದ್ದಕ್ಕೆ ಲೆಕ್ಕವಿದೆ. ನಮ್ಮ ಪೆಟ್ಟಿಗೆಯ ಪವರ್ ಸಪ್ಲೈ 275 ವ್ಯಾಟಿನದು. ಈ ಕಾರ್ಡಿಗೆ 75 ವ್ಯಾಟು ಸಾಕು, ಬೇರೆ ವೈರು ಬೇಡ, ಕೂತ ಜಾಗದಿಂದಲೇ ಎಳೆದುಕೊಳ್ಳುತ್ತದೆ. ದೊಡ್ಡ ಕಾರ್ಡು ಹಾಕಿದರೆ ಇಡೀ ಪೆಟ್ಟಿಗೆ ಕೂತುಬಿಡುತ್ತದೆ.

ವ್ಯಾಟಿನ ಮಾತು ಬಂದಾಗ ಇನ್ನೊಂದು ಹೇಳಬೇಕು. ನಮ್ಮ ಮಳವಳ್ಳಿ ತಾಲೂಕಿನ ಶಿವನಸಮುದ್ರದಲ್ಲಿ 1902ರಲ್ಲೇ ಕರೆಂಟು ಹುಟ್ಟಿತು. ಹುಟ್ಟಿದ್ದು ಇಲ್ಲಿ, ಹೋದದ್ದು ಕೋಲಾರದ ಚಿನ್ನದ ಗಣಿಗೆ. ಆ ಗಣಿಯೊಳಗೆ ಇಳಿದವರಲ್ಲಿ ಹೆಚ್ಚಿನವರು ತಮಿಳು ದಲಿತರು. 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ಬೆಳಕಾಯಿತು. ನಮ್ಮ ಹಟ್ಟಿಗೆ ಬಂದದ್ದು ಎಷ್ಟೋ ಕಾಲದ ಮೇಲೆ, ಭಾಗ್ಯಜ್ಯೋತಿಯ ಒಂದೇ ಒಂದು ಬಲ್ಬಾಗಿ.

ಆ ಹಳೇ ವೈರಿಂಗಿನ ಫಲವೋ ಏನೋ, ಭವನದ ಪ್ಲಗ್ಗಿಗೆ ಅರ್ಥಿಂಗೇ ಇರಲಿಲ್ಲ. ಕಂಪ್ಯೂಟರಿನ ಕಬ್ಬಿಣ ಮುಟ್ಟಿದರೆ ಜುಮ್ ಅನ್ನುತ್ತಿತ್ತು. ಕಾರ್ಡು ಹಾಕುವ ಮೊದಲು ವೈರಿಂಗ್ ಕೆಲಸ ಬಲ್ಲ ನಮ್ಮ ಮಾವ ಹಿತ್ತಲಲ್ಲಿ ಗುಂಡಿ ತೆಗೆದ. ಪೈಪು ನಿಲ್ಲಿಸಿ ಇದ್ದಿಲು, ಉಪ್ಪು ತುಂಬಿ, ನೀರು ಹುಯ್ದು, ತಂತಿ ಎಳೆದ. ಒಂದು ದಿನ ಪೂರ್ತಿ ಅದಕ್ಕೇ ಹೋಯಿತು.

ಆಮೇಲೆ ಮಕ್ಕಳನ್ನೆಲ್ಲ ಕರೆದೆ. ಪ್ಲಗ್ಗು ಕಿತ್ತೆವು, ಪೆಟ್ಟಿಗೆ ಬಿಚ್ಚಿದೆವು. ಮೊದಲು ಪೆಟ್ಟಿಗೆಯ ಬರಿ ಕಬ್ಬಿಣ ಮುಟ್ಟಿ, ಮೈಮೇಲಿನದು ಅದಕ್ಕೆ ಹರಿದುಹೋಗ್ತದೆ, ಆಮೇಲೆ ಕಾರ್ಡನ್ನ ಅಂಚಲ್ಲಿ ಹಿಡೀರಿ ಅಂದೆ. ಒಬ್ಬೊಬ್ಬರಾಗಿ ಮುಟ್ಟಿದರು, ಹಿಡಿದರು, ಕೈಯಿಂದ ಕೈಗೆ ದಾಟಿಸಿದರು. ಕಾರ್ಡಿನ ಹಲ್ಲುಗಳ ಮೇಲೆ ಚಿನ್ನದ ಲೇಪ ಇರುತ್ತದೆ. ಅದೊಂದನ್ನು ಮಾತ್ರ ಬೆರಳಿಂದ ತೀಡಬೇಡಿ ಅಂದೆ. ಅಷ್ಟು ಕೈಗೆ ಕೊಡಬಾರದಿತ್ತು ಅಂತ ತಿಳಿದವರು ಬೈಯಬಹುದು. ಬೈಯಲಿ.

'ಮುಟ್ಟೋಕ್ ಮುಂಚೆ ಕಬ್ಬುಣ ಮುಟ್ಟಬೇಕಾ? ಊರೋರ್ಗೂ ಹಿಂಗೇನಾ?' ಅಂದಳು ಅವ್ವ.

'ಎಲ್ಲಾರ್ಗೂ ಹಿಂಗೇ ಕನವ್ವ.'

'ಹಂಗಾರೆ ಸರಿ.'

ಸ್ಕ್ರೂ ಬಿಗಿದು ಸ್ವಿಚ್ಚು ಹಾಕಿದೆವು. ಫ್ಯಾನು ತಿರುಗಿತು, ಪರದೆ ಕಪ್ಪು. ನನ್ನ ಎದೆ ಧಸಕ್ಕೆಂದಿತು, ಜನರ ದುಡ್ಡು. ಎಂಟನೇ ಕ್ಲಾಸಿನ ಹುಡುಗಿ ಹಿಂದೆ ಬಗ್ಗಿ ನೋಡಿ, 'ಮಾವ, ವೈರು ಹಳೇ ತೂತಲ್ಲೇ ಐತೆ' ಅಂದಳು. ಹೊಸ ಕಾರ್ಡಿಗೆ ಚುಚ್ಚೋಣ ಅಂದರೆ ನಮ್ಮ ಹಳೇ ಮಾನಿಟರಿನ ವಿಜಿಎ ವೈರು ಅದಕ್ಕೆ ಕೂರದು. ಮತ್ತೆ ಮಳವಳ್ಳಿಗೆ ಹೋಗಿ ಎಚ್‌ಡಿಎಂಐನಿಂದ ವಿಜಿಎಗೆ ಬದಲಾಯಿಸುವ ತುಂಡು ತರುವಷ್ಟರಲ್ಲಿ ಕತ್ತಲಾಗಿತ್ತು.

ಡ್ರೈವರ್ ಹಾಕಿ ದೊಡ್ಡವ್ವನನ್ನು ಆಡಿಸಿದೆವು. ಮುಖ ಒಡೆಯಲಿಲ್ಲ. ಬಾಯಿ, ಮಾತು ಒಟ್ಟಿಗೇ ಬಂದವು. ಎಲೆಅಡಿಕೆ ಒಂದು ಕೆನ್ನೆಗೆ ಸರಿಸಿ ಹೇಳುತ್ತಿದ್ದಳು: 'ಹಟ್ಟಿಗೆ ಲೈಟ್ ಬಂದ್ ದಿನ ನಂಗೆ ನಾಚ್ಕೆ ಆಗೋಯ್ತು ಕನಪ್ಪ. ಗ್ವಾಡೆ ಮಸಿ ಎಲ್ಲಾ ಕಂಡ್ಬುಡ್ತು. ನಿಮ್ ದೊಡ್ಡಪ್ಪ ಆರ್ಸು ಅಂದ. ನಾನ್ ಆರ್ಸ್ನಿಲ್ಲ. ಬೆಳಗಾನ ಕೂತ್ಕಂಡ್ ಗ್ವಾಡೆ ಸಾರುಸ್ದೆ.'

ಅಷ್ಟನ್ನೇ ಮೂರು ಸಲ ಹಾಕಿಸಿಕೊಂಡು ನೋಡಿದರು. ಇನ್ನೂ ಹನ್ನೊಂದು ಜನರ ಮಾತು ಕತ್ತರಿಸಿ ಜೋಡಿಸುವುದಿದೆ. ಅವರಲ್ಲಿ ನಾಲ್ವರು ಈಗಿಲ್ಲ. ಆ ಎಂಟನೇ ಕ್ಲಾಸಿನ ಹುಡುಗಿ ದಿನಾ ಸಂಜೆ ಭವನದ ಬೀಗದಕೈ ಇಸಕೊಂಡು ಹೋಗುತ್ತಾಳೆ.