ಒಂದು ಹೆಸರು, ಒಂದೇ ಪುಸ್ತಕ

ಕಾಮರ್ಸ್ ಓದುವವರಿಗೆ ಸರ್ವರ್ ವಿಷಯ ಯಾಕೆ ಎಂದು ನನ್ನ ಕ್ಲಾಸಿನ ಗೆಳೆಯರೇ ಕೇಳುತ್ತಾರೆ. ಕಂಪ್ಯೂಟರ್ ಸೈನ್ಸ್ ತೆಗೆದುಕೊಂಡಿದ್ದೇವೆ, ಪರೀಕ್ಷೆಗೆ ಬೇಕಾದಷ್ಟು ಪೈಥಾನ್ ಕಲಿತರೆ ಸಾಕಲ್ಲ ಎನ್ನುತ್ತಾರೆ. ಆದರೆ ಈ ರಜೆಯಲ್ಲಿ ನಾನು ಓದಿ ತಿಳಿದುಕೊಂಡ ಒಂದು ವಿಷಯ ನಮ್ಮ ಅಕೌಂಟೆನ್ಸಿಗೆ ಬಹಳ ಹತ್ತಿರದ್ದು. ಅದನ್ನು ಇಲ್ಲಿ ನಿಮ್ಮೊಂದಿಗೆ ಹಂಚಿಕೊಳ್ಳುತ್ತೇನೆ.

ಸರ್ವರ್‌ಗಳಲ್ಲಿ ಎರಡು ಬಗೆ. ಒಂದಕ್ಕೆ ನೆನಪು ಇರುವುದಿಲ್ಲ. ಪಿನ್‌ಕೋಡ್ ಕೊಟ್ಟರೆ ಊರಿನ ಹೆಸರು ಹೇಳುತ್ತದೆ, ನಿಮ್ಮನ್ನು ಅಲ್ಲಿಗೇ ಮರೆಯುತ್ತದೆ. ಇಂಥವು ಹತ್ತು ಇದ್ದರೂ ಯಾವುದನ್ನು ಕೇಳಿದರೂ ಒಂದೇ. ಇನ್ನೊಂದು ಬಗೆಯದು ನೆನಪಿಟ್ಟುಕೊಳ್ಳುತ್ತದೆ: ಆಟದಲ್ಲಿ ನಿಮ್ಮ ಅಂಕ, ಖಾತೆಯಲ್ಲಿ ಉಳಿದ ಹಣ. ಈ ನೆನಪಿಗೆ ಸ್ಟೇಟ್ ಎನ್ನುತ್ತಾರೆ. ಇಲ್ಲಿ ಯಾರನ್ನು ಬೇಕಾದರೂ ಕೇಳುವಂತಿಲ್ಲ. ನಿಮ್ಮ ಲೆಕ್ಕ ಯಾರ ಬಳಿ ಇದೆಯೋ ಅವರನ್ನೇ ಕೇಳಬೇಕು.

ಪೈಥಾನ್‌ನಲ್ಲಿ ಇದು ಬೇಗ ತಿಳಿಯುತ್ತದೆ. ನಾವು ಲ್ಯಾಬ್‌ನಲ್ಲಿ ಒಂದು ಡಿಕ್ಷನರಿ ಮಾಡಿ ಅದರಲ್ಲಿ ಬಾಕಿ ಬರೆದಿಟ್ಟರೆ ಅದು ಆ ಒಂದು ಪ್ರೋಗ್ರಾಂನ ಮೆಮೊರಿಯಲ್ಲಿ ಮಾತ್ರ ಇರುತ್ತದೆ. ದೊಡ್ಡ ವೆಬ್‌ಸೈಟ್‌ಗಳಲ್ಲಿ ಅದೇ ಪ್ರೋಗ್ರಾಂನ ಹಲವು ಪ್ರತಿಗಳು ಒಟ್ಟಿಗೆ ಓಡುತ್ತಿರುತ್ತವೆ, ಬೇರೆ ಬೇರೆ ಯಂತ್ರಗಳಲ್ಲೂ ಇರುತ್ತವೆ. ಪ್ರತಿಯೊಂದಕ್ಕೂ ತನ್ನದೇ ಡಿಕ್ಷನರಿ. ಒಂದರಲ್ಲಿ ಬರೆದದ್ದು ಇನ್ನೊಂದಕ್ಕೆ ಗೊತ್ತೇ ಆಗುವುದಿಲ್ಲ.

ಇದು ನನಗೆ ಅರ್ಥವಾದದ್ದು ನಮ್ಮ ಅಮ್ಮಿಯ ಚೀಟಿಯಿಂದ. ನಮ್ಮ ಮೊಹಲ್ಲಾದಲ್ಲಿ 20 ಜನ ಹೆಂಗಸರು ತಿಂಗಳಿಗೆ 1,000 ರೂಪಾಯಿಯಂತೆ ಚೀಟಿ ಹಾಕುತ್ತಾರೆ. ಪ್ರತಿ ತಿಂಗಳು ಒಬ್ಬರಿಗೆ 20,000 ಸಿಗುತ್ತದೆ. ಪುಸ್ತಕ ಅಮ್ಮಿಯ ಹತ್ತಿರ. ಒಂದೇ ಹೆಸರಿನವರು ಮೂವರು ಇರುವುದರಿಂದ ಪುಸ್ತಕದಲ್ಲಿ ಹೆಸರಿನ ಮುಂದೆ ನಂಬರ್ ಇದೆ. ಹಣವನ್ನು ಖಾಲಾ ಕೂಡ ತೆಗೆದುಕೊಳ್ಳುತ್ತಾರೆ, ಆದರೆ ಪುಸ್ತಕದಲ್ಲಿ ಬರೆಯುವುದು ಅಮ್ಮಿ ಒಬ್ಬರೇ, ಒಂದಾದ ಮೇಲೆ ಒಂದರಂತೆ.

ಯಾಕೆ ಈ ನಿಯಮ? 13 ಜನ ಕೊಟ್ಟಿದ್ದಾರೆ, ಮೊತ್ತ 13,000 ಎಂದುಕೊಳ್ಳಿ. ಅಮ್ಮಿಯ ಹತ್ತಿರ ಒಂದು ಪುಸ್ತಕ, ಖಾಲಾ ಹತ್ತಿರ ಅದರ ನಕಲು. ಇಬ್ಬರೂ ಒಂದೇ ಹೊತ್ತಿಗೆ ಒಬ್ಬೊಬ್ಬರಿಂದ ಹಣ ಪಡೆದು, 13,000 ನೋಡಿ, 14,000 ಎಂದು ಬರೆಯುತ್ತಾರೆ. ಆಗಬೇಕಾದದ್ದು 15,000. ಯಾರೂ ಕದ್ದಿಲ್ಲ, ಯಾರೂ ತಪ್ಪು ಕೂಡಿಸಿಲ್ಲ, ಆದರೂ ಒಬ್ಬರ ಸಾವಿರ ಲೆಕ್ಕದಲ್ಲಿ ಇಲ್ಲ.

ಕಂಪ್ಯೂಟರ್‌ನವರು ಇದಕ್ಕೆ ಕಂಡುಕೊಂಡ ಒಂದು ದಾರಿಯ ಹೆಸರು ಆಕ್ಟರ್ ಮಾದರಿ. 1973ರಲ್ಲಿ ಕಾರ್ಲ್ ಹೆವಿಟ್ ಮತ್ತು ಅವರ ಜೊತೆಗಾರರು ಇದನ್ನು ಮಂಡಿಸಿದರು. ಆಕ್ಟರ್ ಎಂದರೆ ತನ್ನ ನೆನಪನ್ನು ತಾನೇ ಕಾಯುವ ಒಂದು ಪುಟ್ಟ ಪ್ರೋಗ್ರಾಂ. ಹೊರಗಿನವರು ಅದರ ಪುಸ್ತಕ ಮುಟ್ಟುವಂತಿಲ್ಲ, ಸಂದೇಶ ಕಳಿಸಬಹುದು ಅಷ್ಟೇ. ಬಂದ ಸಂದೇಶಗಳನ್ನು ಅದು ಒಂದೊಂದಾಗಿ ತೆಗೆದು ನೋಡುತ್ತದೆ. ನಮ್ಮ ಅಮ್ಮಿಯ ಪದ್ಧತಿಯೂ ಇದೇ.

ಪೈಥಾನ್‌ನಲ್ಲಿ ಇದನ್ನು ಮಾಡಲು ರೇ ಎಂಬ ಸಾಧನ ಇದೆ. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ್ದು. ನಾವು ಬರೆದ ಕ್ಲಾಸ್ ಮೇಲೆ ಒಂದು ಸಾಲು ಸೇರಿಸಿದರೆ ಅದರ ಆಬ್ಜೆಕ್ಟ್ ಬೇರೆ ಯಂತ್ರದಲ್ಲಿ ಆಕ್ಟರ್ ಆಗಿ ಬದುಕಬಲ್ಲದು. ಅದಕ್ಕೆ ಒಂದು ಹೆಸರು ಕೊಡಬಹುದು, ‘ಖಾತೆ-7’ ಎಂಬಂತೆ. ಆಮೇಲೆ ಯಾವ ಯಂತ್ರದಿಂದಲಾದರೂ ಆ ಹೆಸರು ಹೇಳಿ ಅದಕ್ಕೆ ಸಂದೇಶ ಕಳಿಸಬಹುದು. ಅದೇ ಹೆಸರಿನಲ್ಲಿ ಎರಡನೆಯದನ್ನು ಮಾಡಲು ಹೋದರೆ ಎರರ್ ಬರುತ್ತದೆ. ಲೆಡ್ಜರ್‌ನಲ್ಲಿ ಒಬ್ಬ ಗಿರಾಕಿಗೆ ಎರಡು ಖಾತೆ ತೆರೆಯಬಾರದು ಎಂದು ನಮಗೆ ಹೇಳಿಕೊಡುತ್ತಾರಲ್ಲ, ಹಾಗೆ.

ಇನ್ನೊಂದು ಉಪಾಯವೂ ಇದೆ: ಹೆಸರನ್ನೇ ಒಂದು ಸಂಖ್ಯೆಯಾಗಿ ಪರಿವರ್ತಿಸಿ, ಆ ಸಂಖ್ಯೆ ನೋಡಿ ಖಾತೆ ಯಾವ ಯಂತ್ರಕ್ಕೆ ಸೇರಿದ್ದು ಎಂದು ನಿರ್ಧರಿಸುವುದು. ಇಲ್ಲಿ ಪೈಥಾನ್‌ನ ಒಂದು ಗುಟ್ಟು ತಿಳಿದಿರಬೇಕು. ಪೈಥಾನ್‌ನಲ್ಲೇ ಇರುವ ಹ್ಯಾಶ್ ಫಂಕ್ಷನ್ ಒಂದೇ ಹೆಸರಿಗೆ ಇವತ್ತು ಒಂದು ಸಂಖ್ಯೆ, ಪ್ರೋಗ್ರಾಂ ಮತ್ತೆ ಶುರು ಮಾಡಿದರೆ ಬೇರೆ ಸಂಖ್ಯೆ ಕೊಡುತ್ತದೆ. ಭದ್ರತೆಗಾಗಿ ಬೇಕೆಂದೇ ಹಾಗೆ ಇಟ್ಟಿದ್ದಾರೆ. ಅದನ್ನು ನಂಬಿದರೆ ಎರಡು ಯಂತ್ರಗಳು ಒಂದೇ ಖಾತೆಯನ್ನು ಎರಡು ಕಡೆ ಹುಡುಕುತ್ತವೆ. ಅದಕ್ಕೆ ಹ್ಯಾಶ್‌ಲಿಬ್‌ನಂಥ, ಎಲ್ಲ ಕಡೆ ಒಂದೇ ಉತ್ತರ ಕೊಡುವ ಸಾಧನ ಬಳಸಬೇಕು.

ವಿಳಾಸದ ಸಮಸ್ಯೆ ಹೀಗೆ ಬಗೆಹರಿಯುತ್ತದೆ. ಕಷ್ಟ ಬರುವುದು ಪುಸ್ತಕ ಇಟ್ಟುಕೊಂಡವರು ಇಲ್ಲದಾಗ.

ಕಳೆದ ವರ್ಷ ಅಮ್ಮಿಗೆ ಪಿತ್ತಕೋಶದ ಕಲ್ಲಿನ ಆಪರೇಷನ್ ಆಯಿತು. ಆಸ್ಪತ್ರೆಗೆ ಹೋಗುವ ಮುಂಚೆ ಪುಸ್ತಕವನ್ನು ಖಾಲಾಗೆ ಕೊಟ್ಟು ಎಲ್ಲರಿಗೂ ತಿಳಿಸಿದರು. ಖಾಲಾ ಹೊಸ ಪುಟ ತೆಗೆದು, ತಾರೀಖು ಹಾಕಿ, ಸಹಿ ಮಾಡಿ ಬರೆಯಲು ಶುರು ಮಾಡಿದರು. ಮೂರನೆಯ ದಿನ ಒಬ್ಬರು ಅಮ್ಮಿಯನ್ನು ನೋಡಲು ಬಂದು ಸಾವಿರ ರೂಪಾಯಿ ಕೈಗೆ ಕೊಡಲು ಹೋದರು. ಅಮ್ಮಿ ತೆಗೆದುಕೊಳ್ಳಲಿಲ್ಲ.

“ನಿಮ್ಮ ಕೈಗೆ ಕೊಟ್ಟರೆ ಆಗಲ್ವಾ ಆಪಾ? ನನ್ನ ಮೇಲೆ ನಂಬಿಕೆ ಇಲ್ವಾ?” ಎಂದು ಅವರಿಗೆ ಬೇಸರವಾಯಿತು.

“ನಂಬಿಕೆ ಇದೆ. ಆದರೆ ಪುಸ್ತಕ ಈಗ ನನ್ನ ಹತ್ತಿರ ಇಲ್ಲ. ನಾನೂ ಒಂದು ಕಡೆ ಬರೆದುಕೊಂಡರೆ ಎರಡು ಲೆಕ್ಕ ಆಗುತ್ತೆ” ಎಂದರು ಅಮ್ಮಿ.

ಆ ತಿಂಗಳ ಚೀಟಿ ಹಣ ಸಿಗಬೇಕಿದ್ದದ್ದು ಮಗಳ ಕಾಲೇಜು ಫೀಸಿಗೆ ಕಾಯುತ್ತಿದ್ದ ಒಬ್ಬ ತಾಯಿಗೆ. ಲೆಕ್ಕ ಎರಡಾಗಿದ್ದರೆ ಜಗಳ ಬಿಡಿಸುವಷ್ಟರಲ್ಲಿ ಫೀಸಿನ ಕೊನೆಯ ದಿನ ಕಳೆದು ಹೋಗುತ್ತಿತ್ತು. ಹಣ ಸರಿಯಾದ ದಿನಕ್ಕೆ ಪೂರ್ತಿ ಸಿಕ್ಕಿತು.

ಯಂತ್ರಗಳಲ್ಲಿ ಅಪಾಯ ಇರುವುದೂ ಇಲ್ಲೇ. ಒಂದು ಸರ್ವರ್ ಉತ್ತರ ಕೊಡದಿದ್ದರೆ ಅದು ಸತ್ತಿದೆಯೋ, ಅಥವಾ ನಡುವಿನ ನೆಟ್‌ವರ್ಕ್ ಕಡಿದಿದೆಯೋ ದೂರದಿಂದ ತಿಳಿಯುವುದಿಲ್ಲ. ಸತ್ತಿದೆ ಎಂದುಕೊಂಡು ಅದೇ ಹೆಸರಿನಲ್ಲಿ ಹೊಸದನ್ನು ಎಬ್ಬಿಸುತ್ತಾರೆ. ಆಮೇಲೆ ಹಳೆಯದೂ ಎದ್ದು ಬರುತ್ತದೆ. ಇಬ್ಬರೂ ‘ಖಾತೆ-7 ನಾನೇ’ ಎನ್ನುತ್ತಾರೆ. ಅಮ್ಮಿಯಂತೆ ಕೈ ಹಿಂದೆ ಎಳೆದುಕೊಳ್ಳುವ ವಿವೇಕ ಯಂತ್ರಕ್ಕೆ ತಾನಾಗಿ ಬರುವುದಿಲ್ಲ, ನಿಯಮವಾಗಿ ಬರೆಯಬೇಕು. ಜವಾಬ್ದಾರಿ ಕೈ ಬದಲಾದಾಗಲೆಲ್ಲ ಒಂದು ಸಂಖ್ಯೆಯನ್ನು ಏರಿಸುತ್ತಾರೆ. ಹಳೆಯ ಸಂಖ್ಯೆ ಹಿಡಿದು ಬರೆಯಲು ಬಂದವರನ್ನು ಡೇಟಾಬೇಸ್ ಒಪ್ಪುವುದಿಲ್ಲ. ಹಳೆಯ ರಸೀದಿ ಪುಸ್ತಕ ರದ್ದಾದ ಮೇಲೆ ಅದರ ರಸೀದಿ ನಡೆಯದು ಎಂಬಂತೆ.

ನೆನಪಿನ ಗತಿ ಏನು? ರೇ ಸತ್ತ ಆಕ್ಟರನ್ನು ನಾವು ಹೇಳಿಟ್ಟರೆ ಮತ್ತೆ ಎಬ್ಬಿಸುತ್ತದೆ, ಆದರೆ ಅದು ಮೊದಲಿನಿಂದ ಶುರುವಾಗುತ್ತದೆ. ಹೆಸರು ಅದೇ, ಬಾಕಿ ಸೊನ್ನೆ. ಹಾಗಾಗಿ ಪ್ರತಿ ವ್ಯವಹಾರವನ್ನೂ ಡಿಸ್ಕ್‌ನಲ್ಲಿ ಸಾಲಾಗಿ ಬರೆದಿಡುವುದು ನಮ್ಮದೇ ಕೆಲಸ. ಎದ್ದ ಆಕ್ಟರ್ ಆ ಸಾಲುಗಳನ್ನು ಓದಿ ಬಾಕಿಯನ್ನು ಮತ್ತೆ ಕಟ್ಟಿಕೊಳ್ಳುತ್ತದೆ. ಇದು ನಮಗೆ ಹೊಸದೇ? ಲೆಡ್ಜರ್ ಕಳೆದುಹೋದರೂ ಜರ್ನಲ್ ಇದ್ದರೆ ಪೋಸ್ಟಿಂಗ್ ಮಾಡಿ ಮತ್ತೆ ಲೆಡ್ಜರ್ ಮಾಡಬಹುದು ಎಂಬುದು ನಾವು ಮೊದಲ ವರ್ಷದಲ್ಲೇ ಕಲಿತ ಪಾಠ.

ಹೀಗೆ ನೋಡಿದರೆ ಕಾಮರ್ಸ್‌ನವರು ಈ ವಿಷಯಕ್ಕೆ ಹೊರಗಿನವರಲ್ಲ. ಯಂತ್ರ ಎಷ್ಟು ವೇಗದ್ದು ಎಂಬುದು ಆಮೇಲಿನ ಮಾತು. ಈ ಖಾತೆಗೆ ಈ ಹೊತ್ತಿನಲ್ಲಿ ಜವಾಬ್ದಾರರು ಯಾರು, ಅವರು ಇಲ್ಲದಾಗ ಯಾರು, ಅದು ಎಲ್ಲರಿಗೂ ಗೊತ್ತಿದೆಯೇ ಎಂಬ ಮೂರು ಪ್ರಶ್ನೆ ಮೊದಲು ಕೇಳಬೇಕು. ಆಸಕ್ತಿ ಇರುವವರು ನಮ್ಮ ಲ್ಯಾಬ್‌ನಲ್ಲೇ ಒಂದು ಪ್ರಯೋಗ ಮಾಡಿ ನೋಡಬಹುದು. ಒಂದೇ ಫೈಲ್‌ನಲ್ಲಿ 13,000 ಎಂದು ಬರೆದಿಡಿ. ಎರಡು ಪೈಥಾನ್ ಪ್ರೋಗ್ರಾಂಗಳು ಅದನ್ನು ಓದಿ, ಎರಡು ಸೆಕೆಂಡ್ ಕಾದು, ಸಾವಿರ ಕೂಡಿಸಿ ಬರೆಯಲಿ. ಎರಡನ್ನೂ ಒಟ್ಟಿಗೆ ಓಡಿಸಿ, ಕೊನೆಗೆ ಫೈಲ್ ತೆಗೆದು ಮೊತ್ತ ಎಷ್ಟಿದೆ ನೋಡಿ. ಆಮೇಲೆ ಅದನ್ನು ಸರಿಪಡಿಸುವುದು ಹೇಗೆಂದು ಒಟ್ಟಿಗೆ ಕೂತು ಯೋಚಿಸೋಣ.